ತುಳು-ಮಲೆಯಾಳ ಲಿಪಿ: ಅಟ್ಟದ ಮೇಲಿನ ಓಲೆಗರಿಗಳ ಕಥೆ

ಪುಣೆಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಉಡುಪಿ, ಕಾರ್ಕಳ, ಕಾಸರಗೋಡು ಸೀಮೆಯ ನಮ್ಮ ಬಂಧುಗಳಲ್ಲಿ ಹಲವರ ಮನೆಮಾತು ತುಳು. ಓದುಬರಹ ಮಾತ್ರ ಕನ್ನಡ. ತುಳುವಿಗೆ ಲಿಪಿಯೇ ಇಲ್ಲವೆಂದು ಅನೇಕರ ನಂಬಿಕೆ. ಸಂಗತಿ ಹಾಗಿಲ್ಲ. ತುಳುನಾಡಿನ ಹಳೆಯ ಮನೆ, ಮಠಗಳ ತಾಳೆಗರಿಯ ಕಟ್ಟುಗಳಲ್ಲಿ ತಿಗಳಾರಿ ಅಥವಾ ತುಳುಲಿಪಿ ಎಂಬ ಬರವಣಿಗೆ ಇಂದಿಗೂ ಉಳಿದಿದೆ.

ಇದು ಮಲೆಯಾಳ ಲಿಪಿಯ ಒಡಹುಟ್ಟು. ಮಲೆಯಾಳವನ್ನು ಮೊದಲು ಬರೆಯುತ್ತಿದ್ದುದು ವಟ್ಟೆಳುತ್ತು, ಅಂದರೆ ದುಂಡುಬರಹದಲ್ಲಿ. ಅದರಲ್ಲಿ ಖ, ಘ, ಭ ಮೊದಲಾದ ಮಹಾಪ್ರಾಣಗಳಿಗೆ ಎಡೆಯಿರಲಿಲ್ಲ. ಆದುದರಿಂದ ಸಂಸ್ಕೃತವನ್ನು ಬರೆಯುವುದಕ್ಕೆ ತಮಿಳುನಾಡಿನ ಗ್ರಂಥಲಿಪಿಯೇ ಬೇಕಾಯಿತು. ಪಶ್ಚಿಮ ಕರಾವಳಿಯಲ್ಲಿ ಆ ಲಿಪಿ ಎರಡು ಕವಲಾಯಿತು. ತೆಂಕಣ ಕವಲು ಇಂದಿನ ಮಲೆಯಾಳ ಲಿಪಿಯಾಗಿ ಬೆಳೆಯಿತು. ಬಡಗಣ ಕವಲು ತುಳುನಾಡು, ಮಲೆನಾಡುಗಳಲ್ಲಿ ತಿಗಳಾರಿಯೆನಿಸಿತು. ೧೮೭೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ದಕ್ಷಿಣ ಭಾರತದ ಲಿಪಿಶಾಸ್ತ್ರಗ್ರಂಥದಲ್ಲಿ ಎ. ಸಿ. ಬರ್ನೆಲ್ಲರು ಇದನ್ನು 'ತುಳು-ಮಲೆಯಾಳ' ಎಂದು ಜೋಡಿಸಿಯೇ ಹೆಸರಿಸಿದರು.

ಈ ಲಿಪಿಯಲ್ಲಿ ಹೆಚ್ಚಾಗಿ ಬರೆದುದು ಸಂಸ್ಕೃತ. ಆದರೆ ತುಳು ಕಾವ್ಯಗಳೂ ಉಂಟು. 'ಶ್ರೀ ಭಾಗವತೊ', 'ಕಾವೇರಿ' ಕಾವ್ಯಗಳನ್ನು ಕಾಸರಗೋಡಿನ ವಿದ್ವಾಂಸ ವೆಂಕಟರಾಜ ಪುಣಿಂಚತ್ತಾಯರು ಓಲೆಗರಿಗಳಿಂದ ಓದಿ ಸಂಪಾದಿಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯವು ತುಳು ಪುಸ್ತಕಗಳನ್ನು ಕನ್ನಡ ಅಕ್ಷರಗಳಲ್ಲಿ ಅಚ್ಚುಮಾಡಿತು. ಅಚ್ಚಿನ ಮೊಳೆ ಕನ್ನಡದ್ದಾಯಿತು. ಶಾಲೆಯ ಪಾಠವೂ ಕನ್ನಡದಲ್ಲಿ ನಡೆಯಿತು. ತಿಗಳಾರಿಯನ್ನು ಓದಬಲ್ಲವರು ಕ್ರಮೇಣ ವಿರಳರಾದರು.

ಹಳೆಯ ಓಲೆಯ ಬೆಲೆಯನ್ನು ತಿಳಿಯಲು ಪುಣೆಯನ್ನು ಬಿಟ್ಟು ಹೋಗಬೇಕಾಗಿಲ್ಲ. ೧೯೧೭ರಲ್ಲಿ ಸ್ಥಾಪನೆಗೊಂಡ ಇಲ್ಲಿನ ಭಾಂಡಾರಕರ್ ಪ್ರಾಚ್ಯವಿದ್ಯಾ ಸಂಶೋಧನ ಸಂಸ್ಥೆಯು ನಾನಾ ಲಿಪಿಗಳ ಹಸ್ತಪ್ರತಿಗಳನ್ನು ತಾಳೆನೋಡಿ ಮಹಾಭಾರತದ ಶುದ್ಧಪಾಠವನ್ನು ಸಿದ್ಧಪಡಿಸಿತು. ಆ ಕಾರ್ಯ ೧೯೬೬ರಲ್ಲಿ ಪೂರ್ಣವಾಯಿತು. ಆದಿಪರ್ವವನ್ನು ಸಂಪಾದಿಸಿದ ವಿ. ಎಸ್. ಸುಕಥಣಕರರು ದಾಕ್ಷಿಣಾತ್ಯ ಪಾಠಗಳಲ್ಲಿ ಮಲೆಯಾಳ ಲಿಪಿಯ ಪ್ರತಿಗಳಿಗೇ ಅಗ್ರಸ್ಥಾನವನ್ನಿತ್ತರು. ಕರಾವಳಿಯ ಮನೆಗಳು ಕಾಪಾಡಿದ ಓಲೆಗಳು ಹೀಗೆ ದೇಶದ ಕಾವ್ಯವನ್ನೇ ತಿದ್ದಲು ನೆರವಾದವು.

೨೦೨೪ರ ಸೆಪ್ಟೆಂಬರಿನಲ್ಲಿ ತುಳು-ತಿಗಳಾರಿ ಅಕ್ಷರಗಳು ಯೂನಿಕೋಡಿಗೆ ಸೇರಿದವು. ಗಣಕಯಂತ್ರಕ್ಕೆ ಈಗ ಈ ಲಿಪಿಯ ಪರಿಚಯವುಂಟು. ಆದರೆ ಗೆದ್ದಲಿಗೆ ಆ ಪರಿವೆಯಿಲ್ಲ. ರಜೆಯಲ್ಲಿ ಊರಿಗೆ ಹೋದಾಗ ವಾಚಕರು ಒಮ್ಮೆ ಅಟ್ಟವನ್ನು ಹತ್ತಿ ನೋಡಲಿ. ಓಲೆಯ ಕಟ್ಟು ಸಿಕ್ಕಿದರೆ ಹೊಳೆಗೂ ಬೆಂಕಿಗೂ ಹಾಕದೆ, ಬಲ್ಲವರಿಗೆ ತೋರಿಸಲಿ. ಧರ್ಮಸ್ಥಳ, ಕೆಳದಿಗಳಲ್ಲಿ ಇಂಥವನ್ನು ಕಾಪಾಡುವ ಸಂಗ್ರಹಗಳಿವೆ. ಹಿರಿಯರು ಕಂಟದಿಂದ ಕೊರೆದು ಬರೆದುದನ್ನು ಓದಲಾರದಿದ್ದರೂ ಉಳಿಸುವುದು ನಮ್ಮಿಂದಾಗುವ ಕೆಲಸ.