ಐದು ವರ್ಷದ ಕರಾರು, ನೂರು ವರ್ಷದ ಆಸ್ಪತ್ರೆ

ಕ್ಯಾಲನೂರು, ವೇಮಗಲ್, ಸುಗಟೂರು ಕಡೆಯ ಹಿರಿಯರಿಗೆ ‘ಇ.ಟಿ.ಸಿ.ಎಂ.’ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕೋಲಾರದ ಮಿಷನ್ ಆಸ್ಪತ್ರೆ, ಅಷ್ಟೇ. ಆ ನಾಲ್ಕು ಅಕ್ಷರಗಳಲ್ಲಿ ಎಲೆನ್ ಥೋಬರ್ನ್ ಕೋವೆನ್ ಎಂಬ ಅಮೆರಿಕದ ಹೆಂಗಸಿನ ಹೆಸರಿದೆ. ಕೊನೆಯ ‘ಎಂ’ ಎಂದರೆ ಮೆಮೋರಿಯಲ್. 1910ರಲ್ಲಿ ಶುರುವಾದ ಈ ಆಸ್ಪತ್ರೆ ಶತಮಾನ ದಾಟಿದೆ. ಜೊತೆಗೊಂದು ನರ್ಸಿಂಗ್ ಶಿಕ್ಷಣ ಸಂಸ್ಥೆಯೂ ಬೆಳೆದಿದೆ. ಸಾವಿರಾರು ಮೈಲಿ ದೂರದ ಹೆಣ್ಣುಮಕ್ಕಳು ವರ್ಷವಿಡೀ ಹರಿಯುವ ನದಿಯಿಲ್ಲದ, ಕೆರೆ ನಂಬಿದ ಈ ಬಡ ಸೀಮೆಗೆ ಏಕೆ ಬಂದರು, ಬಂದು ಹೇಗೆ ಬಾಳಿದರು ಎಂಬ ಕಥೆಗೂ ಇದೇ ಬಾಗಿಲು.

ಕಥೆ ಶುರುವಾಗುವುದು ಧಾತು–ಈಶ್ವರ ಸಂವತ್ಸರಗಳ ಬರದಿಂದ. 1876ರಿಂದ 1878ರವರೆಗಿನ ಆ ಕ್ಷಾಮ ಮೈಸೂರು ಸೀಮೆಯನ್ನು ಬರಿದು ಮಾಡಿತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ 42 ಲಕ್ಷವೂ ಇರಲಿಲ್ಲ. ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಹೆತ್ತವರನ್ನು ಕಳೆದುಕೊಂಡ ಮಕ್ಕಳನ್ನು ಕೂಡಿಸಿಕೊಂಡು ಇಲ್ಲಿ ಅನಾಥಾಲಯ ನಡೆಸಿದಾಕೆ ಇಂಗ್ಲೆಂಡಿನ ಮಿಸ್ ಆನ್‌ಸ್ಟಿ. 1890ರಲ್ಲಿ ಆಕೆ ತನ್ನ ಕೆಲಸವನ್ನೆಲ್ಲ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ವಹಿಸಿಕೊಟ್ಟರು.

ಆ ಮಿಷನ್ನಿನ ಕೆಲಸಕ್ಕೆ ಬಂದ ಅಮೆರಿಕದ ಮಹಿಳೆಯರನ್ನು ಕಳಿಸುತ್ತಿದ್ದುದು 1869ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದ ಮೆಥಡಿಸ್ಟ್ ಹೆಂಗಸರ ವಿದೇಶ ಮಿಷನ್ ಸಂಘ. ಅದು ಮೊದಲ ಸಲ ಭಾರತಕ್ಕೆ ಕಳಿಸಿದ್ದು ಇಬ್ಬರನ್ನು. ಬರೇಲಿಯಲ್ಲಿ ಹೆಂಗಸರ ಆಸ್ಪತ್ರೆ ಕಟ್ಟಿದ ಡಾ. ಕ್ಲಾರಾ ಸ್ವೇನ್ ಒಬ್ಬರು. ಲಖನೌದಲ್ಲಿ ಹೆಣ್ಣುಮಕ್ಕಳ ಕಾಲೇಜು ಕಟ್ಟಿ, 1901ರಲ್ಲಿ ಅಲ್ಲೇ ಕಾಲರಾಕ್ಕೆ ಬಲಿಯಾದ ಇಸಾಬೆಲ್ಲಾ ಥೋಬರ್ನ್ ಇನ್ನೊಬ್ಬರು. ಕೋಲಾರದ ಆಸ್ಪತ್ರೆ ಯಾರ ನೆನಪಿಗೆ ನಿಂತಿದೆಯೋ ಆ ಎಲೆನ್, ಇದೇ ಇಸಾಬೆಲ್ಲಾಳ ಸೋದರಿ.

ಕರಾರು ಬಿಗಿಯಾಗಿತ್ತು

ಸಂಘದ ನಿಯಮ ಖಡಕ್ಕು. ಹೊರಡುವವಳು ಅವಿವಾಹಿತೆಯಾಗಿರಬೇಕು, ಆರೋಗ್ಯ ಕೈಕೊಟ್ಟರೆ ಬೇರೆ ಮಾತು, ಇಲ್ಲವಾದರೆ ಮೊದಲ ಐದು ವರ್ಷ ಮದುವೆಯ ಯೋಚನೆ ಬಿಟ್ಟು ಸೇವೆಯಲ್ಲಿ ನಿಲ್ಲುತ್ತೇನೆಂದು ಬರೆದುಕೊಡಬೇಕು. ಇಪ್ಪತ್ತೈದರ ಆಸುಪಾಸಿನ ಹುಡುಗಿಗೆ ಇದು ಚಿಕ್ಕ ಮಾತಲ್ಲ. ಊರಿಂದ ಕಾಗದ ಬರಲು ವಾರಗಟ್ಟಲೆ ಬೇಕಿದ್ದ ಕಾಲ ಅದು. ತಾಯಿ ತೀರಿಕೊಂಡ ಸುದ್ದಿ ಕೈಸೇರುವ ಹೊತ್ತಿಗೆ ಅಲ್ಲಿ ಎಲ್ಲ ಮುಗಿದಿರುತ್ತಿತ್ತು.

ಕೋಲಾರಕ್ಕೆ ಬರುವ ದಾರಿಯೂ ಸಲೀಸಾಗಿರಲಿಲ್ಲ. ಇಂದು ಬಂಗಾರಪೇಟೆ ಎನ್ನುವ ಬೌರಿಂಗ್‌ಪೇಟೆಯವರೆಗೆ ರೈಲು. ಅಲ್ಲಿಂದ ಎತ್ತಿನ ಗಾಡಿ, ಇಲ್ಲವೇ ಜಟಕಾ. ಬೌರಿಂಗ್‌ಪೇಟೆ–ಕೋಲಾರ ಸಣ್ಣ ರೈಲು ಓಡಿದ್ದು 1913ರಲ್ಲಿ. ಪಕ್ಕದ ಚಿನ್ನದ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಮಾತ್ರ ಹರಳೆಣ್ಣೆ, ಸೀಮೆಎಣ್ಣೆಯ ದೀಪ.

ಬಿಸಿಲಿಗೆ ದಪ್ಪ ಟೋಪಿ, ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ ಗೌನು, ಕುಡಿಯಲು ಕುದಿಸಿ ಆರಿಸಿದ ನೀರು. ಮಲೇರಿಯಾ, ಆಮಶಂಕೆ ಬಂದುಹೋಗುವ ನೆಂಟರು. ಏಪ್ರಿಲ್–ಮೇ ತಿಂಗಳಲ್ಲಿ ದಕ್ಷಿಣದ ಮಿಷನರಿಗಳು ಬೆಟ್ಟ ಹತ್ತುತ್ತಿದ್ದರು. ಮಧುರೈಯ ಅಮೆರಿಕನ್ ಮಿಷನ್ನಿನವರು 1845ರಲ್ಲಿ ಕೊಡೈಕನಾಲಿನಲ್ಲಿ ಮನೆ ಕಟ್ಟಿದ್ದೇ ಈ ಕಾರಣಕ್ಕೆ. ಎಲ್ಲರೂ ತಾಳಿಕೊಳ್ಳಲಿಲ್ಲ. ವೆಸ್ಲಿಯನ್ ಮಿಷನ್ನಿನ ವಿಲಿಯಂ ಆರ್ಥರ್ 1839ರಲ್ಲಿ, ಇಪ್ಪತ್ತರ ಹರೆಯದಲ್ಲಿ ಬಂದು ಗುಬ್ಬಿಯಲ್ಲಿ ನೆಲೆಸಿದರು. ಕಣ್ಣು ಕೆಟ್ಟು, ಎರಡು ವರ್ಷಕ್ಕೇ ಇಂಗ್ಲೆಂಡಿಗೆ ಮರಳಬೇಕಾಯಿತು. ಇಪ್ಪತ್ತೊಂದಕ್ಕೆ ಬಂದ ಕಿಟ್ಟೆಲ್ ನಿಘಂಟು ಮುಗಿಸಿದರು ಎಂದು ಹೇಳುವಾಗ, ಹೀಗೆ ಅರ್ಧದಾರಿಯಲ್ಲಿ ಹಿಂದಿರುಗಿದವರನ್ನೂ ನೆನೆಯಬೇಕು.

ಬಂದ ಹೊಸತರಲ್ಲಿ ಮುನ್ಷಿಯ ಮುಂದೆ ಕೂತು ಭಾಷೆ ಕಲಿತು ಪರೀಕ್ಷೆ ಕೊಡಬೇಕು. ಕೋಲಾರದಲ್ಲಿ ಇನ್ನೊಂದು ಪೇಚು: ಇಲ್ಲಿನ ಎಷ್ಟೋ ಮನೆಗಳ ಮಾತು ತೆಲುಗು. ಶ್ರೀನಿವಾಸಪುರ, ಮುಳಬಾಗಿಲು ಕಡೆಯಿಂದ ನೋವು ತಿನ್ನುತ್ತಾ ಬಂದವಳು ಪುಸ್ತಕದ ಕನ್ನಡಕ್ಕೆ ಉತ್ತರ ಕೊಡುವುದಿಲ್ಲ.

ಗಾಡಿಯಲ್ಲಿ ಬಂದ ಹೆರಿಗೆ

ಗಂಡಸು ಡಾಕ್ಟರ ಕೈಗೆ ನಾಡಿ ಕೊಡಲೂ ಒಪ್ಪದ ಹೆಂಗಸರಿದ್ದ ಕಾಲದಲ್ಲಿ ಹೆಂಗಸರಿಗಾಗಿ ಹೆಂಗಸರೇ ನಡೆಸುವ ಆಸ್ಪತ್ರೆ ಬೇಕಿತ್ತು. ಆದರೂ ಜನ ಒಮ್ಮೆಗೇ ನುಗ್ಗಲಿಲ್ಲ. ಸೂಲಗಿತ್ತಿ ಕೈಬಿಟ್ಟ ಮೇಲೆ, ಎರಡು ಮೂರು ದಿನ ಬೇನೆ ತಿಂದ ಬಸುರಿಯನ್ನು ಹುಲ್ಲು ಹಾಸಿದ ಗಾಡಿಯಲ್ಲಿ ಮಲಗಿಸಿಕೊಂಡು ತರುತ್ತಿದ್ದರು. ಹೊಕ್ಕುಳಬಳ್ಳಿಯನ್ನು ಸಿಕ್ಕ ಕುಡುಗೋಲಿನಿಂದ ಕೊಯ್ದು ಬೂದಿ ಮೆತ್ತಿದ ಮಗು, ವಾರ ತುಂಬುವಷ್ಟರಲ್ಲಿ ಧನುರ್ವಾಯುವಿಗೆ ಸೆಟೆದುಕೊಳ್ಳುತ್ತಿತ್ತು. ನರ್ಸಿನ ದೊಡ್ಡ ಆಯುಧ ಕುದಿಯುವ ನೀರು, ಸೋಪು, ಕಾರ್ಬಾಲಿಕ್. ಮಿಷನ್ ಆಸ್ಪತ್ರೆಗಳಲ್ಲಿ ರೋಗಿಯ ಹಿಂದೆ ಅತ್ತೆ, ತಾಯಿ, ಕೂಸು, ಪಾತ್ರೆಪಗಡ ಎಲ್ಲ ಬರುತ್ತಿದ್ದವು. ಜಾತಿಯ ಕಾರಣಕ್ಕೆ ಅನೇಕರು ಅಲ್ಲಿಯ ನೀರನ್ನೂ ಮುಟ್ಟದೆ, ಅಂಗಳದಲ್ಲಿ ಒಲೆ ಹೂಡಿ ರಾಗಿ ಅಂಬಲಿ ಕಾಯಿಸಿಕೊಳ್ಳುತ್ತಿದ್ದರು. ಅದಕ್ಕೆ ಬೇಡವೆಂದಿದ್ದರೆ ವಾರ್ಡು ಖಾಲಿ ಬೀಳುತ್ತಿತ್ತು.

ಬಂದವರ ಮೂಲ ಉದ್ದೇಶ ಮತಪ್ರಚಾರವೇ. ಅದನ್ನು ಅವರೂ ಮುಚ್ಚಿಡಲಿಲ್ಲ, ಜನರೂ ಮರೆಯಲಿಲ್ಲ. ಬರದಲ್ಲಿ ಅನ್ನ ಕೊಟ್ಟು ಮತ ಕೊಟ್ಟರು ಎಂಬ ಟೀಕೆ ಅಂದಿನಿಂದ ಇಂದಿನವರೆಗೂ ಇದೆ. ಹೆರಿಗೆಗೆಂದು ಬಂದ ಬಹುಪಾಲು ಹೆಂಗಸರು ಮಾತ್ರ ಮಗುವನ್ನು ಎತ್ತಿಕೊಂಡು ತಮ್ಮ ತಮ್ಮ ಮನೆದೇವರ ಬಳಿಗೇ ಹೋದರು. ಔಷಧಿಯನ್ನಷ್ಟೇ ತೆಗೆದುಕೊಂಡು ಉಪದೇಶವನ್ನು ಅಲ್ಲೇ ಬಿಡುವ ಜಾಣ್ಮೆ ನಮ್ಮ ಹಳ್ಳಿಯವರಿಗಿತ್ತು.

ಸ್ವಾತಂತ್ರ್ಯದ ನಂತರ ಕಾಲ ಬದಲಾಯಿತು. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಡಾ. ಎಸ್ತರ್ ಶೂಮೇಕರ್ ಅವರಂಥವರು ಇಲ್ಲಿದ್ದರು. ಆಮೇಲೆ ವಿದೇಶಿ ಮಿಷನರಿಗಳಿಗೆ ವೀಸಾ ಬಿಗಿಯಾಗುತ್ತಾ ಬಂತು. 1981ರಲ್ಲಿ ಭಾರತದ ಮೆಥಡಿಸ್ಟ್ ಚರ್ಚ್ ಸ್ವಾಯತ್ತವಾಯಿತು. ಅಷ್ಟರಲ್ಲಿ ವಾರ್ಡು, ಔಷಧಿ ಕೊಠಡಿ, ಪಾಠದ ಕೋಣೆ ಎಲ್ಲ ಇಲ್ಲಿನವರ ಕೈಗೆ ಬಂದಿದ್ದವು. ಮಿಷನ್ನಿನ ನಿಜವಾದ ಗಳಿಕೆ ನನ್ನ ಮಟ್ಟಿಗೆ ಇದೇ: ಬಂದವರು ಹೋದ ಮೇಲೂ ಹೆರಿಗೆ ಕೋಣೆಯ ಕೆಲಸ ನಿಲ್ಲಲಿಲ್ಲ.

ಇಂದು ಗಾಳಿ ತಿರುಗಿದೆ. ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ಕಲಿತ ಹುಡುಗಿಯರೇ ಕೊಲ್ಲಿ ದೇಶಗಳ ಬಿಸಿಲಿಗೆ, ಗೊತ್ತಿಲ್ಲದ ಭಾಷೆಯ ವಾರ್ಡುಗಳಿಗೆ ಹೋಗುತ್ತಿದ್ದಾರೆ. ಇತ್ತ ವೈದ್ಯ ಪದವೀಧರರಿಗೆ ಒಂದು ವರ್ಷದ ಗ್ರಾಮೀಣ ಸೇವೆ ಕಡ್ಡಾಯ ಮಾಡಿದ್ದ ರಾಜ್ಯದ 2012ರ ಕಾಯ್ದೆ ಕೋರ್ಟ್ ಮೆಟ್ಟಿಲೇರಬೇಕಾಯಿತು. ಆ ಒಂದು ವರ್ಷದ ಜೊತೆಗೆ ಊರ ಮಾತು ಕಲಿಯಲು ಸಮಯ, ಇರಲು ಒಳ್ಳೆಯ ಕ್ವಾರ್ಟರ್ಸ್, ಬೇಸಿಗೆಗೊಂದು ರಜೆ, ಒಂಟಿಯಾಗದಂತೆ ಜೊತೆಗಾರರು ಇವೆಯೇ ಎಂದು ಕೇಳಬೇಕು. ಐದು ವರ್ಷ ಬರೆಸಿಕೊಂಡ ಆ ಸಂಘ ಇವನ್ನೂ ಒದಗಿಸುತ್ತಿತ್ತು. ಕ್ಯಾಲನೂರಿನಂಥ ಊರಿಗೆ ಬರುವ ಯುವ ಡಾಕ್ಟರು ನಿಲ್ಲಬೇಕಾದರೆ ಕಾಯ್ದೆಯಷ್ಟೇ ಮುಖ್ಯ ಈ ಏರ್ಪಾಡು.