ಬಸುರಿ ಇರುವ ಮನೆಗೆ ಯಾವ ಅರಿಶಿಣ?

ಸಾಂಗಲಿಯ ಅರಿಶಿಣಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು. ಹರಿಪುರದ ಹಗೇವುಗಳಲ್ಲಿ ಕೊಂಬು ತುಂಬಿಟ್ಟು ಕಾಪಾಡಿದ ಸೀಮೆ ನಮ್ಮದು. ಆದರೂ ನಮ್ಮಲ್ಲಿ ಎಷ್ಟೋ ಮನೆಯವರು ಬೆಳೆದ ಕೊಂಬನ್ನೆಲ್ಲ ಪೇಟೆಗೆ ಕಳುಹಿಸಿ, ಅಡುಗೆಗೆ ಅಂಗಡಿಯ ಬಿಡಿ ಪುಡಿ ತರುತ್ತಾರೆ.

ಬೇಯಿಸಿ ಒಣಗಿಸಿದ ಕೊಂಬಿಗೆ ಹೊಳಪು ಕೊಡುವಾಗ ಕೆಲವು ಕಡೆ ಸೀಸದ ಕ್ರೋಮೇಟ್ ಎಂಬ ಹಳದಿ ಬಣ್ಣ ಬೆರೆಸುತ್ತಾರೆ. ಕಾನೂನು ಇದನ್ನು ನಿಷೇಧಿಸಿದೆ. ಸೀಸವು ಹೆಣ್ಣುಮಕ್ಕಳ ಎಲುಬಿನಲ್ಲಿ ವರ್ಷಗಟ್ಟಲೆ ಉಳಿದು, ಬಸಿರಿನಲ್ಲಿ ರಕ್ತಕ್ಕೆ ಇಳಿದು, ಮಾಸಿನ ಮೂಲಕ ಕೂಸನ್ನು ಸೇರುತ್ತದೆ. ಕೂಸಿನ ಮೆದುಳಿಗೆ ಅದು ವಿಷ. ಕುದಿಸಿದರೂ ಹೋಗುವುದಿಲ್ಲ.

ಆದ್ದರಿಂದ ಮಾರುವ ಮುಂಚೆಯೇ ಮನೆಗೆ ಬೇಕಾದಷ್ಟು ಪಾಲಿಷ್ ಮಾಡದ ಕೊಂಬು ತೆಗೆದಿಟ್ಟು, ಗಿರಣಿಯಲ್ಲಿ ನಿಮ್ಮೆದುರೇ ಬೀಸಿಸಿರಿ. ಕೊಂಡು ತಂದದ್ದಾದರೆ ಒಂದು ಕೊಂಬನ್ನು ಗ್ಲಾಸು ನೀರಿಗೆ ಹಾಕಿ ನೋಡಿರಿ. ಕೂಡಲೇ ಬಣ್ಣ ಬಿಟ್ಟರೆ ಅದು ಬೇಡ. ಬಿಡದಿದ್ದರೂ ಪೂರ್ತಿ ಖಾತ್ರಿಯಿಲ್ಲ. ಖಾತ್ರಿ ಪ್ರಯೋಗಶಾಲೆಯಲ್ಲೇ ಆಗಬೇಕು.

ಅಡುಗೆಗೆ ಚಿಟಿಕೆ ಅರಿಶಿಣ ಸರಿ. ಔಷಧಿಯೆಂದು ಮಾರುವ ಅರಿಶಿಣದ ಗುಳಿಗೆಯನ್ನು ಮಾತ್ರ ಡಾಕ್ಟರರನ್ನು ಕೇಳದೆ ಬಸುರಿಗೆ ಕೊಡಬೇಡಿರಿ. ಹಾಗೆಯೇ, ‘ಉಷ್ಣವಾಗುತ್ತದೆ, ಮನೆಯ ಊಟವೇ ಸಾಕು’ ಎಂದು ಅತ್ತೆಯಂದಿರು ದವಾಖಾನೆಯ ಕಬ್ಬಿಣದ ಗುಳಿಗೆ ಬಿಡಿಸುವುದುಂಟು. ಬಿಡಿಸಬೇಡಿರಿ. ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ ಅದನ್ನು ನುಂಗಲೇಬೇಕು.