ಕಂಬಾರಸಾಲೆಗೆ ಗಾಳಿ ಸುತ್ತಿಗೆ: ಕೊಳ್ಳುವುದೋ, ಕಟ್ಟಿಸುವುದೋ

ಘಟಪ್ರಭಾ ನದಿಗೆ ಧುಪದಾಳದಲ್ಲಿ ಕಟ್ಟಿದ ಒಡ್ಡು 1897ರಲ್ಲಿ ಪೂರ್ಣಗೊಂಡು ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಮುಂದೆ 1977ರಲ್ಲಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯ ಸಿದ್ಧವಾದ ಮೇಲಂತೂ ಇನ್ನೂ ವೇಗವಾಗಿ, ಈ ಸೀಮೆಯ ಒಕ್ಕಲುತನ ಜೋಳದಿಂದ ಕಬ್ಬಿನ ಕಡೆಗೆ ಹೊರಳಿತು. ಒಕ್ಕಲುತನದ ಜೊತೆಗೆ ಕಂಬಾರಸಾಲೆಯ ಕೆಲಸವೂ ಬದಲಾಯಿತು. ರಂಟೆಯ ಗುಳ ಹಣಿಯುವುದು, ಕುಂಟೆಯ ಕುಡ ತಟ್ಟುವುದು, ಬಂಡಿಯ ಗಾಲಿಗೆ ಕಬ್ಬಿಣದ ಹಳಿ ಕಟ್ಟುವುದು, ಇವಕ್ಕೆಲ್ಲ ವರ್ಷಕ್ಕೊಮ್ಮೆ ಕಣದಲ್ಲಿ ಆಯವೆಂದು ಕಾಳು ಪಡೆಯುವುದು ಕಂಬಾರರ ಹಳೆಯ ವಾಡಿಕೆಯಾಗಿತ್ತು. ಎತ್ತು ಕಡಿಮೆಯಾಗಿ ಟ್ರ್ಯಾಕ್ಟರ್ ಬಂದಾಗ ಆ ಕೆಲಸದ ಬಹುಪಾಲು ಕರಗಿ, ಕಬ್ಬು ಕಡಿಯುವ ಕೊಯ್ತಾ, ಗುದ್ದಲಿ, ಕೊಡಲಿ, ಕುಡಗೋಲು, ಟ್ರ್ಯಾಕ್ಟರ್ ನೇಗಿಲಿನ ಸವೆದ ಮೊನೆ ಇವು ಉಳಿದವು. ಇದೇ ನದಿಯ ದಂಡೆಯ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ, ಜ್ಞಾನಪೀಠ ಪುರಸ್ಕೃತ ಕವಿ, ನಾಟಕಕಾರ ಚಂದ್ರಶೇಖರ ಕಂಬಾರರದೂ ಇಂಥ ಕಸುಬಿನ ಮನೆತನವೇ.

ಕುಲುಮೆಯ ಕೆಲಸ ಒಬ್ಬರಿಂದಾಗುವಂಥದಲ್ಲ. ಇಕ್ಕಳದಲ್ಲಿ ಕಾದ ಕಬ್ಬಿಣ ಹಿಡಿದು ಸಣ್ಣ ಸುತ್ತಿಗೆಯಿಂದ ಎಲ್ಲಿ ಬಡಿಯಬೇಕೆಂದು ತೋರಿಸುವವನೊಬ್ಬ, ಅವನು ತೋರಿಸಿದಲ್ಲಿ ನಾಲ್ಕೈದು ಕೆ.ಜಿ. ತೂಕದ ಚಮ್ಮಟಿಗೆ ಎತ್ತಿ ಹೊಡೆಯುವವರು ಇನ್ನೊಬ್ಬರು. ರಸ್ತೆ ಬದಿಯಲ್ಲಿ ಬಿಡಾರ ಹೂಡಿ ಕಂಬಾರಿಕೆ ಮಾಡುವ ಘಿಸಾಡಿ ಕುಟುಂಬಗಳಲ್ಲಿ ಆ ಭಾರದ ಚಮ್ಮಟಿಗೆಯನ್ನು ಎತ್ತುವವರು ಬಹುಮಟ್ಟಿಗೆ ಹೆಂಗಸರೇ, ಕಸುಬಿನ ಬಗ್ಗೆ ಬರೆಯುವವರು ಈ ದುಡಿಮೆಯನ್ನು ಲೆಕ್ಕಕ್ಕೆ ಹಿಡಿದದ್ದು ಕಡಿಮೆ. ಲಾರಿಯ ಸವೆದ ಕಮಾನು ಪಾಟಾ ಕೊಯ್ತಾಕ್ಕೆ ಒದಗುವ ಉಕ್ಕು. ಅದು ಸುಮಾರು 1100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹಳದಿಗೆ ತಿರುಗಿ ಮೆತ್ತಗಿರುವಾಗ ಬಡಿಸಿಕೊಳ್ಳುತ್ತದೆ, 850ರ ಆಸುಪಾಸಿಗೆ ಇಳಿದು ಕೆಂಪು ಮಂಕಾದ ಮೇಲೂ ಬಡಿದರೆ ಬಿರುಕು ಬಿಡುತ್ತದೆ. ತೆಳುವಾದ ಪಟ್ಟಿಯಲ್ಲಿ ಈ ಅವಧಿ ಒಂದು ನಿಮಿಷವೂ ಇರುವುದಿಲ್ಲವಾದ್ದರಿಂದ ಚಮ್ಮಟಿಗೆಯ ಕೈ ನಿಧಾನವಾದಷ್ಟೂ ಮತ್ತೆ ಮತ್ತೆ ಕಾಯಿಸಬೇಕಾಗಿ ಇದ್ದಿಲು ಸುಡುತ್ತದೆ, ಉಕ್ಕಿನ ಮೇಲ್ಮೈ ಹೊಪ್ಪಳಿಕೆಯಾಗಿ ಉದುರುತ್ತದೆ. ಚಮ್ಮಟಿಗೆ ಎತ್ತುವ ಕೈಗಳೇ ಸಿಗದಿರುವಾಗ ಯಂತ್ರದ ಮಾತು ಬರುವುದು ಸಹಜ.

ಗಾಳಿ ಸುತ್ತಿಗೆ ಎಂದರೆ ಗಾಳಿಯ ಒತ್ತಡದಿಂದ ರ‍್ಯಾಮ್ ಎಂಬ ಉಕ್ಕಿನ ದಿಂಡು ಮೇಲೆ ಕೆಳಗೆ ಆಡುತ್ತ ಅಡಿಗಲ್ಲಿನ ಮೇಲಿಟ್ಟ ಕಬ್ಬಿಣವನ್ನು ಬಡಿಯುವ ಯಂತ್ರ. ಕಾರ್ಖಾನೆಯಲ್ಲಿ ತಯಾರಾಗಿ ಬರುವ ಮಾದರಿಯಲ್ಲಿ ಎರಡು ಸಿಲಿಂಡರುಗಳಿರುತ್ತವೆ: ಒಂದರಲ್ಲಿ ಮೋಟಾರು ತಿರುಗಿಸುವ ಪಿಸ್ಟನ್ ಗಾಳಿಯನ್ನು ಒತ್ತುತ್ತದೆ, ಆ ಗಾಳಿ ಕವಾಟದ ಮೂಲಕ ಇನ್ನೊಂದಕ್ಕೆ ಹೋಗಿ ರ‍್ಯಾಮನ್ನು ಎತ್ತಿ ಇಳಿಸುತ್ತದೆ. ಪೆಡಲನ್ನು ಹಗುರಾಗಿ ಒತ್ತಿದರೆ ತಟ್ಟುತ್ತದೆ, ಪೂರ್ತಿ ಒತ್ತಿದರೆ ನಿಮಿಷಕ್ಕೆ 200ಕ್ಕೂ ಹೆಚ್ಚು ಪೆಟ್ಟು ಹಾಕುತ್ತದೆ. ಉಗಿಯಿಂದ ನಡೆಯುವ ಸುತ್ತಿಗೆಗೆ ಬ್ರಿಟನ್ನಿನ ಜೇಮ್ಸ್ ನಾಸ್ಮಿತ್ 1842ರಲ್ಲಿ ಪೇಟೆಂಟ್ ಪಡೆದಿದ್ದ. ಬಾಯ್ಲರಿನ ರಗಳೆಯಿಲ್ಲದೆ ಆ ತತ್ವವನ್ನೇ ಸಣ್ಣ ಸಾಲೆಗೂ ಒಗ್ಗಿಸಿದ್ದು ಗಾಳಿ. ಈ ಯಂತ್ರಗಳನ್ನು ರ‍್ಯಾಮಿನ ತೂಕದ ಮೇಲೆ 25 ಕೆ.ಜಿ., 50 ಕೆ.ಜಿ. ಎಂದು ಕರೆಯುತ್ತಾರೆ. ಪಂಜಾಬಿನ ಬಟಾಲಾ, ಗುಜರಾತಿನ ರಾಜಕೋಟ ಇವುಗಳ ತಯಾರಿಕೆಗೆ ಹೆಸರಾದ ಊರುಗಳು.

ತಾವೇ ಕಟ್ಟಿಸುವವರಿಗೆ ದಾರಿಗಳು ಎರಡು. ಮಾರುಕಟ್ಟೆಯಲ್ಲಿ ಸಿಗುವ ಗಾಳಿ ಸಿಲಿಂಡರು ಮತ್ತು ಕವಾಟ ತಂದು, ವೆಲ್ಡಿಂಗ್ ಮಾಡಿದ ಚೌಕಟ್ಟಿಗೆ ಜೋಡಿಸಿ, ಹೊರಗಿನ ಕಂಪ್ರೆಸರಿನಿಂದ ಗಾಳಿ ಕೊಡುವುದು ಮೊದಲನೆಯದು. 63 ಮಿ.ಮೀ. ಒಳವ್ಯಾಸದ ಸಿಲಿಂಡರಿಗೆ ಪ್ರತಿ ಚದರ ಸೆಂ.ಮೀ.ಗೆ 6 ಕೆ.ಜಿ. ಒತ್ತಡದ ಗಾಳಿ ಕೊಟ್ಟರೆ ಸುಮಾರು 185 ಕೆ.ಜಿ. ಬಲ ಹುಟ್ಟುತ್ತದೆ, ಇದು ಕಾಗದದ ಮೇಲೆ ಬಹಳ ಚೆನ್ನಾಗಿ ಕಾಣುತ್ತದೆ. ಆದರೆ ಪ್ರತಿ ಪೆಟ್ಟಿಗೂ ಒತ್ತಿದ ಗಾಳಿ ಹೊರಗೆ ಹಾರಿಹೋಗುವುದರಿಂದ ಪಂಕ್ಚರ್ ಅಂಗಡಿಯ ಸಣ್ಣ ಕಂಪ್ರೆಸರ್ ಅದಕ್ಕೆ ಸಾಲದು, 5 ಎಚ್‌ಪಿಯದಾದರೂ ಬೇಕು. ಕಾರ್ಖಾನೆಯ 25 ಕೆ.ಜಿ. ಯಂತ್ರವೋ ಒಳಗಿನ ಗಾಳಿಯನ್ನೇ ಆಡಿಸುತ್ತ 3 ಎಚ್‌ಪಿ ಆಸುಪಾಸಿನ ಮೋಟಾರಿನಲ್ಲಿ ನಡೆಯುತ್ತದೆ. ಅಗ್ಗವೆಂದು ಕಟ್ಟಿಸಿದ್ದು ಕರೆಂಟ್ ಬಿಲ್ಲಿನಲ್ಲಿ ತಿಂಗಳು ತಿಂಗಳು ದುಬಾರಿಯಾಗುವುದು ಹೀಗೆ. ಸಾಲದ್ದಕ್ಕೆ, ಸಿಲಿಂಡರಿನ ದಂಡವನ್ನು ರ‍್ಯಾಮಿಗೆ ಬಿಗಿಯಾಗಿ ಕೂಡಿಸಿದರೆ ಪೆಟ್ಟಿನ ಅದುರುವಿಕೆ ನೇರವಾಗಿ ತಾಗಿ ಕೂಡಿದ ಜಾಗದಲ್ಲೇ ದಂಡ ಮುರಿಯುತ್ತದೆ, ನಡುವೆ ರಬ್ಬರಿನ ಬುಶ್ ಇಡುವುದು ಇದಕ್ಕಾಗಿಯೇ.

ಎರಡನೆಯ ದಾರಿ ಪಾಟಾ ಸುತ್ತಿಗೆ, ಇದರಲ್ಲಿ ಗಾಳಿಯೇ ಇಲ್ಲ. ಕಮಾನು ಪಾಟಾಗಳ ಕಟ್ಟಿನ ಒಂದು ತುದಿಯನ್ನು ಮೋಟಾರಿನ ಕ್ರ್ಯಾಂಕ್ ಎಳೆದಾಡುತ್ತದೆ, ಇನ್ನೊಂದು ತುದಿಯಲ್ಲಿ ರ‍್ಯಾಮ್ ತೂಗುತ್ತದೆ, ಪೆಡಲ್ ಒತ್ತಿದಾಗ ಸಡಿಲಾಗಿದ್ದ ಬೆಲ್ಟು ಬಿಗಿಯುತ್ತದೆ. ಪೆಟ್ಟಿನ ಮೇಲೆ ಗಾಳಿ ಸುತ್ತಿಗೆಯಷ್ಟು ಹಿಡಿತ ಸಿಗದಿದ್ದರೂ ಕೆಟ್ಟರೆ ಸಂತೆಯ ದಿನ ಗೋಕಾಕಕ್ಕೋ ಸಂಕೇಶ್ವರಕ್ಕೋ ಹೋದಾಗ ಬಿಡಿಭಾಗ ಸಿಗುತ್ತದೆ, ರಿಪೇರಿ ಕಂಬಾರನ ಕೈಯಳತೆಯಲ್ಲೇ ಇರುತ್ತದೆ. ಕಟ್ಟಿಸಲೇಬೇಕೆಂದರೆ ಕಟ್ಟಿಸತಕ್ಕದ್ದು ಇದನ್ನು.

ಯಾವ ಬಗೆಯದಾದರೂ ಯಂತ್ರದ ಹಣೆಬರಹ ತೀರ್ಮಾನವಾಗುವುದು ರ‍್ಯಾಮಿನಲ್ಲಲ್ಲ, ಅದರ ಕೆಳಗಿನ ಅಡಿಗಲ್ಲಿನಲ್ಲಿ. ಅಡಿಗಲ್ಲು ಹಗುರಾದರೆ ಪೆಟ್ಟಿನ ಬಲವನ್ನು ಕಬ್ಬಿಣ ಉಣ್ಣುವ ಬದಲು ನೆಲ ಉಣ್ಣುತ್ತದೆ. ಆದ್ದರಿಂದ ರ‍್ಯಾಮಿನ ತೂಕದ ಹತ್ತರಿಂದ ಹದಿನೈದು ಪಟ್ಟಾದರೂ ಅಡಿಗಲ್ಲು ಇರಬೇಕೆಂಬುದು ಈ ಕಸುಬಿನ ಲೆಕ್ಕ. ಕಬ್ಬಿನ ಸೀಮೆಗೆ ಇಲ್ಲೊಂದು ಅನುಕೂಲವಿದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬು ಅರೆಯುವ ರೋಲರುಗಳ ಶಾಫ್ಟು ಗಟ್ಟಿ ಉಕ್ಕಿನದು, ಅಂಥದೊಂದು ಗುಜರಿಗೆ ಬಂದಾಗ 300 ಮಿ.ಮೀ. ವ್ಯಾಸದ ಒಂದು ಮೀಟರ್ ತುಂಡನ್ನು ಕತ್ತರಿಸಿಕೊಂಡರೆ ಅದೇ 550 ಕೆ.ಜಿ. ತೂಗಿ 40 ಕೆ.ಜಿ. ರ‍್ಯಾಮಿಗೂ ಸಾಕಾಗುತ್ತದೆ. ಇದನ್ನು ಬಿಟ್ಟು ತಗಡಿನ ಪೆಟ್ಟಿಗೆಗೆ ಕಾಂಕ್ರೀಟು ತುಂಬಿ ಅಡಿಗಲ್ಲು ಎನ್ನುವುದು ಮೋಸದ ಉಳಿತಾಯ.

ನೆಲದ ಮಾತೂ ಅಷ್ಟೇ ಮುಖ್ಯ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವುದರಿಂದ ಅದರ ಮೇಲೆ ಹಾಕಿದ ಬುನಾದಿ ವರ್ಷದೊಳಗೆ ವಾಲುತ್ತದೆ, ವಾಲಿದ ಯಂತ್ರದಲ್ಲಿ ರ‍್ಯಾಮಿನ ಜಾರುಪಟ್ಟಿಗಳು ಒಂದೇ ಮಗ್ಗುಲಿಗೆ ಸವೆಯುತ್ತವೆ. ಗರಸು ಸಿಗುವವರೆಗೆ ಅಗೆದು ಕಾಂಕ್ರೀಟು ಹಾಕಿ, ಅದರ ಮೇಲೆ ದಪ್ಪ ಮರದ ಹಲಗೆ ಅಥವಾ ಕನ್ವೇಯರ್ ಬೆಲ್ಟಿನ ರಬ್ಬರು ಹಾಸಿ ಯಂತ್ರ ಕೂಡಿಸಬೇಕು. ಒತ್ತೊತ್ತಾಗಿ ಮನೆಗಳಿರುವ ಓಣಿಯಲ್ಲಾದರೆ ಇಷ್ಟು ಮಾಡಿದರೂ ನೆರೆಮನೆಯ ಗೋಡೆ ಅದಿರುವುದು ತಪ್ಪುವುದಿಲ್ಲ.

ಹಣದ ವಿಚಾರದಲ್ಲಿ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಸೇರಿದೆ. ಉಪಕರಣಗಳಿಗೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ. ಮೊದಲ ಕಂತಿನ ಸಾಲವನ್ನು 18 ತಿಂಗಳಲ್ಲಿ ತೀರಿಸಬೇಕಾಗಿರುವಾಗ ಕಬ್ಬಿನ ಹಂಗಾಮು ನಡೆಯುವ ಐದಾರು ತಿಂಗಳು ಮಾತ್ರ ಕೊಯ್ತಾಕ್ಕೆ ಗಿರಾಕಿ ಇರುವ ಸಾಲೆ ಉಳಿದ ತಿಂಗಳಲ್ಲಿ ಯಂತ್ರಕ್ಕೆ ಏನು ಮೇವು ಹಾಕುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಹಳೆಯ ಆಯುಧ ಹಣಿದು ಕೊಡುವುದೇ ಮುಖ್ಯ ಕೆಲಸವಾಗಿದ್ದರೆ ಪಾಟಾ ಸುತ್ತಿಗೆಯೇ ಹೆಚ್ಚು. ಹೊಸ ಮಾಲನ್ನು ಡಜನ್‌ಗಟ್ಟಲೆ ಮಾಡಿ ಅಂಗಡಿಗಳಿಗೆ ಕೊಡುವ, ಹೆಸ್ಕಾಂನ ತ್ರೀ ಫೇಸ್ ವಿದ್ಯುತ್ ಸಂಪರ್ಕವಿರುವ ಸಾಲೆ ಮಾತ್ರ ಕಾರ್ಖಾನೆಯ ಗಾಳಿ ಸುತ್ತಿಗೆ ಕೊಳ್ಳಬಹುದು, ಅದನ್ನೂ ಎರಡು ಮೂರು ಮನೆಗಳು ಕೂಡಿ ಕೊಂಡರೆ ಇನ್ನೂ ಒಳ್ಳೆಯದು.

ಬಳಸಿದ ಯಂತ್ರ ಕೊಳ್ಳುವವರು ಬಣ್ಣ ನೋಡದೆ ರ‍್ಯಾಮನ್ನು ಮೇಲೆತ್ತಿ ನಿಲ್ಲಿಸಿ ನೋಡಬೇಕು. ಮೋಟಾರು ತಿರುಗುತ್ತಿದ್ದರೂ ಅದು ಮೆಲ್ಲಗೆ ಕೆಳಗೆ ಜಾರಿದರೆ ಪಿಸ್ಟನ್ ರಿಂಗುಗಳೋ ಕವಾಟವೋ ಸವೆದು ಗಾಳಿ ಸೋರುತ್ತಿದೆ ಎಂದರ್ಥ. ರಿಂಗು ಹೊಸದು ಹಾಕಬಹುದು, ಕವಾಟ ಉಜ್ಜಿಸಬಹುದು. ಸಿಲಿಂಡರಿನ ಒಳಮೈಯಲ್ಲೇ ಗೀರು ಬಿದ್ದಿದ್ದರೆ ಬೆಳಗಾವಿಯ ಉದ್ಯಮಬಾಗಿನಂಥ ಕಡೆಗೆ ಒಯ್ದು ಬೋರ್ ಮಾಡಿಸಿ ಹೊಸ ಅಳತೆಯ ಪಿಸ್ಟನ್ ಹಾಕಿಸಬೇಕಾದೀತು, ಆ ಖರ್ಚನ್ನೂ ಸಾಗಣೆಯನ್ನೂ ಮಾರುವವನು ಹೇಳಿದ ಬೆಲೆಗೆ ಕೂಡಿಸಿಯೇ ಚೌಕಾಸಿಗೆ ಕೂರಬೇಕು.